ಸಾಮಾನ್ಯ ಪೂರ್ವಜರ ಜೀವನವೃತ್ತವನ್ನು ದಾಖಲೆಗಳಲ್ಲಿ ಗುರುತಿಸುವ ಬಗೆ

ಪೀಠಿಕೆ

ಅರಸರು, ಪಾಳೆಯಗಾರರು, ದಿವಾನರು ಮತ್ತು ಮಠಾಧಿಪತಿಗಳ ವಂಶಾವಳಿಗಳು ಶಾಸನಗಳಲ್ಲಿ, ಕೈಫಿಯತ್ತುಗಳಲ್ಲಿ ಹಾಗೂ ಬಖೈರುಗಳಲ್ಲಿ ದೊರೆಯುತ್ತವೆ. ಹೊಲ ಉತ್ತವರ, ಕೆರೆಯ ತೂಬು ಎತ್ತಿದವರ, ಮಗ್ಗದ ಗುಂಡಿಯಲ್ಲಿ ಕುಳಿತವರ ಹೆಸರುಗಳು ಅಲ್ಲಿ ಇರುವುದಿಲ್ಲ. ಇದರಿಂದ ಸಾಮಾನ್ಯ ಕುಟುಂಬಗಳಿಗೆ ಲಿಖಿತ ಇತಿಹಾಸವೇ ಇಲ್ಲವೆಂಬ ಭಾವನೆ ಬೇರೂರಿದೆ. ಈ ಭಾವನೆ ಸರಿಯಲ್ಲ. ಸಾಮಾನ್ಯ ವ್ಯಕ್ತಿಯು ಕಂದಾಯ ಕಟ್ಟಿದಾಗ, ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿದಾಗ, ಮಗನನ್ನು ಶಾಲೆಗೆ ಸೇರಿಸಿದಾಗ, ಹಡಗು ಹತ್ತಿದಾಗ ಅಥವಾ ಮರಣ ಹೊಂದಿದಾಗ ಆತನ ಹೆಸರು ಯಾವುದಾದರೊಂದು ಪುಸ್ತಕದ ಒಂದು ಸಾಲಿನಲ್ಲಿ ಸೇರಿರುತ್ತದೆ. ಆ ಸಾಲು ಯಾವ ಪುಸ್ತಕದಲ್ಲಿದೆ, ಆ ಪುಸ್ತಕ ಯಾವ ಕಛೇರಿಯಲ್ಲಿದೆ ಎಂಬುದನ್ನು ಅರಿಯುವುದೇ ಕುಟುಂಬ ಇತಿಹಾಸದ ಮುಖ್ಯ ಕೆಲಸವಾಗಿರುತ್ತದೆ.

ಇದು ಕೇವಲ ಕುತೂಹಲದ ವಿಷಯವೂ ಅಲ್ಲ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳಿಗೆ ಮಂಜೂರಾದ ಜಮೀನುಗಳ ಪರಭಾರೆಯನ್ನು ನಿಷೇಧಿಸುವ 1978ರ ಅಧಿನಿಯಮದಡಿ ಕೈತಪ್ಪಿದ ಜಮೀನನ್ನು ಮರಳಿ ಕೋರುವವರು ಮೂಲ ಮಂಜೂರಾತಿ ತಮ್ಮ ಹಿರಿಯರ ಹೆಸರಿಗೇ ಆಗಿತ್ತೆಂದು ತೋರಿಸಬೇಕಾಗುತ್ತದೆ. ಅರಣ್ಯ ಹಕ್ಕುಗಳ 2006ರ ಅಧಿನಿಯಮದಡಿ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯವನ್ನೇ ಆಶ್ರಯಿಸಿ ಅಲ್ಲಿ ವಾಸವಿದ್ದುದಕ್ಕೆ ಸಾಕ್ಷ್ಯ ಒದಗಿಸಬೇಕು. ಅಜ್ಜನ ಹೆಸರನ್ನು ಹುಡುಕುವವರಲ್ಲಿ ಅನೇಕರು ಮನೆಯ ಅಡಿಪಾಯವನ್ನೇ ಹುಡುಕುತ್ತಿರುತ್ತಾರೆ.

ಮೊದಲು ಊರು, ಅನಂತರ ಹೆಸರು

ಹುಡುಕಾಟವನ್ನು ಹೆಸರಿನಿಂದ ಆರಂಭಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಒಂದೇ ಗ್ರಾಮದಲ್ಲಿ ಒಂದೇ ಕಾಲಕ್ಕೆ ನಾಲ್ವರು ತಿಮ್ಮಯ್ಯಂದಿರು ಇರುವುದು ಅಪರೂಪವಲ್ಲ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ಒಂದೇ ಮನೆಯಲ್ಲಿ ತಲೆಮಾರು ಬಿಟ್ಟು ತಲೆಮಾರು ಅದೇ ಹೆಸರು ಮರಳುತ್ತದೆ. ಹಿಂದೆ ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಅನಂತರ ಹುಟ್ಟಿದ ಮಗುವಿಗೆ ತಿಪ್ಪಯ್ಯ, ಗುಂಡ, ಕಲ್ಲ ಎಂದು ಹೆಸರಿಡುತ್ತಿದ್ದುದೂ ಉಂಟು. ಇಂತಹ ಹೆಸರನ್ನು ಕಂಡಾಗ ಅದರ ಹಿಂದೆ ಯಾವ ದಾಖಲೆಯಲ್ಲಿಯೂ ಇಲ್ಲದ ಅಕ್ಕ ಅಣ್ಣಂದಿರು ಇದ್ದಿರಬಹುದೆಂದು ನೆನೆಯುವುದು ಉಚಿತ.

ಆದುದರಿಂದ ಊರನ್ನು ಮೊದಲು ನಿಶ್ಚಯಿಸಿಕೊಳ್ಳತಕ್ಕದ್ದು. ಏಕೆಂದರೆ ಇಂದಿನ ಕರ್ನಾಟಕವು 1956ರ ನವೆಂಬರ್ 1ರವರೆಗೆ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ದಾಖಲೆಗಳು ಕೂಡ ಅದೇ ರೀತಿ ಹಂಚಿಹೋಗಿವೆ. ಮೈಸೂರು ಸಂಸ್ಥಾನದ ದಾಖಲೆಗಳು ಬಹುಮಟ್ಟಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಹಾಗೂ ಆಯಾ ಜಿಲ್ಲೆ, ತಾಲ್ಲೂಕುಗಳ ಅಭಿಲೇಖಾಲಯಗಳಲ್ಲಿ ಇವೆ. ಧಾರವಾಡ, ಬೆಳಗಾವಿ, ವಿಜಯಪುರ ಪ್ರದೇಶಗಳು ಮತ್ತು 1862ರಿಂದ ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಇವುಗಳಲ್ಲಿ ಪೇಶ್ವೆಯರ ಕಾಲಕ್ಕೆ ಸೇರಿದ ಮೋಡಿ ಲಿಪಿಯ ಕಾಗದಗಳು ಪುಣೆಯ ಪೇಶ್ವೆ ದಫ್ತರದಲ್ಲಿಯೂ ದೊರೆಯುತ್ತವೆ. ದಕ್ಷಿಣ ಕನ್ನಡ ಹಾಗೂ ಕೊಳ್ಳೇಗಾಲ 1956ರವರೆಗೆ, ಬಳ್ಳಾರಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದುವಾದ್ದರಿಂದ ಅವುಗಳ ಮೇಲ್ಮಟ್ಟದ ಕಡತಗಳಿಗಾಗಿ ಚೆನ್ನೈನ ಪತ್ರಾಗಾರವನ್ನು ನೋಡಬೇಕಾಗುತ್ತದೆ. ಬೀದರ, ಕಲಬುರಗಿ, ರಾಯಚೂರು ಭಾಗದ ಹಳೆಯ ದಾಖಲೆಗಳು ಪರ್ಷಿಯನ್ ಹಾಗೂ ಉರ್ದು ಭಾಷೆಯಲ್ಲಿದ್ದು, ಹೈದರಾಬಾದಿನ ಪತ್ರಾಗಾರದಲ್ಲಿಯೂ ಇರುತ್ತವೆ.

ಊರು ಇಂದಿನ ಗ್ರಾಮಪಟ್ಟಿಯಲ್ಲಿ ಕಾಣದಿದ್ದರೆ ನಿರಾಶರಾಗಬೇಕಾಗಿಲ್ಲ. ಜನವಸತಿ ಇಲ್ಲದ ಗ್ರಾಮಗಳನ್ನು ಕಂದಾಯ ಲೆಕ್ಕದಲ್ಲಿ ಬೇಚರಾಕ್ ಗ್ರಾಮವೆಂದು ಉಳಿಸಿಕೊಂಡು ಬರಲಾಗಿದೆ. ಜನರಿಲ್ಲದಿದ್ದರೂ ಸರ್ವೆ ನಂಬರುಗಳಿರುತ್ತವೆ. ಕೃಷ್ಣರಾಜಸಾಗರ, ತುಂಗಭದ್ರಾ, ಲಿಂಗನಮಕ್ಕಿ, ಆಲಮಟ್ಟಿ ಜಲಾಶಯಗಳಲ್ಲಿ ಮುಳುಗಿದ ಊರುಗಳ ವಿಷಯದಲ್ಲಿ ಭೂಸ್ವಾಧೀನದ ಪರಿಹಾರ ಪಟ್ಟಿಗಳು ಬಹಳ ಉಪಯುಕ್ತ. ಜಮೀನಿನೊಂದಿಗೆ ಮನೆ, ಬಾವಿ, ಮರಗಳಿಗೂ ಪರಿಹಾರ ಗೊತ್ತುಪಡಿಸಬೇಕಾಗಿದ್ದುದರಿಂದ ಅವುಗಳ ಎಣಿಕೆ ಇಂತಹ ಪಟ್ಟಿಗಳಲ್ಲಿ ಸಿಗುತ್ತದೆ. ಉಳಿದುಕೊಂಡ ಊರಿನ ದಾಖಲೆಗಿಂತ ಮುಳುಗಿದ ಊರಿನ ದಾಖಲೆ ಹೆಚ್ಚು ವಿವರವಾಗಿರುವುದು ವಿಪರ್ಯಾಸವೇ ಸರಿ.

ಜಮೀನಿನ ದಾಖಲೆಗಳು

ಗ್ರಾಮೀಣ ಪೂರ್ವಜರ ಬಗ್ಗೆ ಅತಿ ಹೆಚ್ಚು ಮಾಹಿತಿ ನೀಡುವುದು ಭೂದಾಖಲೆಗಳೇ. ಮುಂಬಯಿ ಪ್ರಾಂತ್ಯದಲ್ಲಿ ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ಅವರು ರೂಪಿಸಿದ ಸರ್ವೆ ಪದ್ಧತಿಯನ್ನು ಮೈಸೂರು ಸಂಸ್ಥಾನದಲ್ಲಿ 1863ರಿಂದ ಚಿತ್ರದುರ್ಗದ ಕಡೆಯಿಂದ ಜಾರಿಗೊಳಿಸಲಾಯಿತು. ಹೊಲವನ್ನು ಅಳೆದಾಗ ಸಿದ್ಧಪಡಿಸಿದ ಟಿಪ್ಪಣಿ, ಪಕ್ಕಾ ಪುಸ್ತಕ, ಕಂದಾಯ ನಿಗದಿಪಡಿಸಿದ ಆಕಾರಬಂದ್, ಪೋಡಿಯಾದಾಗಿನ ಹಿಸ್ಸಾ ಟಿಪ್ಪಣಿ, ಅನಂತರದ ಹಕ್ಕುದಾಖಲೆ ಮತ್ತು ಜಮೀನುಗಳ ಸೂಚಿ, ಹಕ್ಕು ಬದಲಾವಣೆಯ ಪುಸ್ತಕ ಹಾಗೂ ಪಹಣಿ ಇವು ಒಂದರ ಹಿಂದೊಂದು ಜೋಡಿಸಿದ ಮೆಟ್ಟಿಲುಗಳಂತಿವೆ. ಪಹಣಿಗೆ ಸಮನಾದ ದಾಖಲೆಯನ್ನು ಮುಂಬಯಿ ಕರ್ನಾಟಕದಲ್ಲಿ ಉತ್ತಾರವೆಂದೂ ಮದ್ರಾಸಿಗೆ ಸೇರಿದ್ದ ಭಾಗದಲ್ಲಿ ಅಡಂಗಲ್ ಎಂದೂ ಕರೆಯುವುದು ರೂಢಿ.

2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆಯಡಿ ಗಣಕೀಕೃತಗೊಂಡ ಪಹಣಿಯು ಆ ವೇಳೆಗೆ ಹಕ್ಕುದಾರರಾಗಿದ್ದವರಿಂದ ಆರಂಭವಾಗುತ್ತದೆ. ಅದಕ್ಕೆ ಹಿಂದಿನದನ್ನು ಕಾಣಬೇಕಾದರೆ ಕೈಬರಹದ ಪಹಣಿಗಳನ್ನು ತಾಲ್ಲೂಕು ಕಛೇರಿಯ ಅಭಿಲೇಖಾಲಯದಲ್ಲಿ ಕೋರಬೇಕು. ಭೂ ಸುರಕ್ಷಾ ಯೋಜನೆಯಡಿ ಈ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕಾರ್ಯ ಇತ್ತೀಚಿನ ವರ್ಷಗಳಲ್ಲಿ ನಡೆದಿದ್ದು, ಪುಡಿಪುಡಿಯಾಗುತ್ತಿದ್ದ ಕಾಗದಗಳ ಮಟ್ಟಿಗೆ ಇದು ಸಕಾಲಿಕ.

ಒಂದು ಉದಾಹರಣೆ: ನೀರಗಂಟಿಯ ಕುಟುಂಬ

ಹಳೆಯ ಮೈಸೂರಿನ ಕೆರೆಬಯಲಿನ ಗ್ರಾಮವೊಂದರಲ್ಲಿ ನೀರಗಂಟಿಯಾಗಿದ್ದವನ ಮೊಮ್ಮಗನು ತನ್ನ ಹಿರಿಯರನ್ನು ಹುಡುಕುತ್ತಿರುವನೆಂದು ಭಾವಿಸೋಣ. ಆತನಿಗೆ ತಿಳಿದಿರುವುದು ಎರಡೇ: ತಾತನು ಕೆರೆಯ ನೀರು ಬಿಡುತ್ತಿದ್ದನು, ತೂಬಿನ ಕೆಳಗೆ ಸ್ವಲ್ಪ ಗದ್ದೆ ಇತ್ತು. ಈ ಎರಡು ಸಂಗತಿಗಳು ಸಾಕು.

ನೀರಗಂಟಿ, ತೋಟಿ, ತಳವಾರ ಮೊದಲಾದವರು ಆಯಗಾರರ ಪರಂಪರೆಗೆ ಸೇರಿದ ಗ್ರಾಮ ಸೇವಕರು. ಇವರಲ್ಲಿ ಬಹುಪಾಲು ಇಂದಿನ ಪರಿಶಿಷ್ಟ ಜಾತಿಗಳಿಗೆ ಸೇರಿದ ಕುಟುಂಬಗಳು. ಇವರಿಗೆ ಸುಗ್ಗಿಯ ಕಾಲದಲ್ಲಿ ಕಣದಿಂದ ಸಲ್ಲುವ ಧಾನ್ಯದ ಜೊತೆಗೆ ಸೇವಾ ಇನಾಮು ಜಮೀನು ಇರುತ್ತಿತ್ತು. ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಅಧಿನಿಯಮವು 1963ರ ಫೆಬ್ರವರಿ 1ರಂದು ಜಾರಿಗೆ ಬಂದು ಈ ವಂಶಪಾರಂಪರ್ಯ ಹುದ್ದೆಗಳು ಕೊನೆಗೊಂಡವು. ಇನಾಮು ಜಮೀನುಗಳು ಸರ್ಕಾರಕ್ಕೆ ಸೇರಿ, ಹಿಂದಿನ ಹುದ್ದೆದಾರರಿಗೆ ಪುನರ್ ಮಂಜೂರಾದವು. ಈ ಪುನರ್ ಮಂಜೂರಾತಿಯ ಕಡತವೇ ಮೊಮ್ಮಗನು ಕಾಣಬೇಕಾದುದು.

ಕ್ರಮ ಹೀಗಿರುತ್ತದೆ. ಗದ್ದೆಯ ಇಂದಿನ ಪಹಣಿಯಲ್ಲಿ ಸ್ವಾಧೀನತೆ ಬಂದ ರೀತಿಯನ್ನು ತಿಳಿಸುವ ಕಾಲಂನಲ್ಲಿ ಹಕ್ಕು ಬದಲಾವಣೆಯ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಹಿಡಿದು ಹಕ್ಕು ಬದಲಾವಣೆಯ ಪುಸ್ತಕವನ್ನು ತೆರೆದರೆ ತಾತನ ಮರಣಾನಂತರ ಆದ ಪೌತಿ ಖಾತೆಯ ನಮೂದು ದೊರೆಯಬಹುದು. ಅದರ ಹಿಂದಿನ ನಮೂದು ಪುನರ್ ಮಂಜೂರಾತಿಯ ಆದೇಶದ ಸಂಖ್ಯೆ ಮತ್ತು ದಿನಾಂಕವನ್ನು ಹೇಳುತ್ತದೆ. ಆದೇಶದ ಮೂಲ ಕಡತ ಉಳಿದಿದ್ದಲ್ಲಿ ಅದರೊಳಗೆ ಅರ್ಜಿ, ಹುದ್ದೆದಾರರ ಹೇಳಿಕೆ, ಹಕ್ಕುಳ್ಳ ದಾಯಾದಿಗಳನ್ನು ತೋರಿಸುವ ವಂಶಾವಳಿ, ಪಂಚರ ಮಹಜರು ಇವುಗಳನ್ನು ನಿರೀಕ್ಷಿಸಬಹುದು. ಹೇಳಿಕೆಯ ಕೆಳಗೆ ತಾತನ ಎಡಗೈ ಹೆಬ್ಬೆಟ್ಟಿನ ಗುರುತು ಇರುತ್ತದೆ. ಅಕ್ಷರ ಬಾರದ ವ್ಯಕ್ತಿಯು ತನ್ನ ಕೈಯಿಂದಲೇ ಕಾಗದದ ಮೇಲೆ ಬಿಟ್ಟುಹೋದ ಗುರುತು ಬಹುಶಃ ಇದೊಂದೇ.

ವಂಶಾವಳಿಯು ತಾತನಿಂದ ಮೇಲಕ್ಕೆ ಎರಡು ಅಥವಾ ಮೂರು ತಲೆಮಾರು ಸಾಗುತ್ತದೆ. ಅಲ್ಲಿ ಬರುವ ಹೆಸರುಗಳನ್ನು ಹಿಡಿದು ಸರ್ವೆ ನಂಬರಿನ ಮೂಲಕ ಹಳೆಯ ಇನಾಮು ರಿಜಿಸ್ಟರಿಗೂ ಮೊದಲ ಸರ್ವೆಯ ಆಕಾರಬಂದಿಗೂ ಹೋಗಲು ಸಾಧ್ಯ. ಅನುಕೂಲಕರ ಸಂದರ್ಭದಲ್ಲಿ ಹುಡುಕಾಟವು 19ನೆಯ ಶತಮಾನದ ಕೊನೆಯ ಭಾಗವನ್ನು ತಲಪುತ್ತದೆ. ಊರಿನ ಸಿರಿವಂತ ರೈತನ ಮೊಮ್ಮಗನಿಗೂ ಇದಕ್ಕಿಂತ ಹಿಂದಕ್ಕೆ ಹೋಗುವುದು ಸುಲಭವಲ್ಲ. ಕಸುಬನ್ನು ಹಿಡಿದು ಹುಡುಕುವುದರ ಪ್ರಯೋಜನವನ್ನು ಇದರಿಂದ ತಿಳಿಯಬಹುದು.

ಗೇಣಿದಾರರಾಗಿದ್ದ ಕುಟುಂಬಗಳಿಗೆ ಭೂನ್ಯಾಯ ಮಂಡಳಿಗಳ ಕಡತಗಳು ಇದೇ ರೀತಿ ನೆರವಾಗುತ್ತವೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಡಿ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಬೇಕಾಗಿತ್ತು. ಅದಕ್ಕೆ 1979ರ ಜೂನ್ 30 ಕಡೆಯ ದಿನವಾಗಿತ್ತು. ವಿವಾದವಿದ್ದಲ್ಲಿ ಅರ್ಜಿದಾರನು ತಾನು, ತನ್ನ ತಂದೆ, ತನ್ನ ತಾತ ಎಂದಿನಿಂದ ಸಾಗುವಳಿ ಮಾಡುತ್ತಿದ್ದರೆಂದು ವಿಚಾರಣೆಯಲ್ಲಿ ಹೇಳಿಕೆ ಕೊಡುತ್ತಿದ್ದನು. ಕರಾವಳಿಯಲ್ಲಿ ಚಾಲಗೇಣಿ ಒಕ್ಕಲುಗಳ ವಿಷಯದಲ್ಲಿ ಇಂತಹ ಹೇಳಿಕೆಗಳಿಗೆ ವಿಶೇಷ ಬೆಲೆಯಿದೆ. ಭೂಮಾಲೀಕರ ಹೆಸರಿನ ಅಡಿಯಲ್ಲಿ ತಲೆಮಾರುಗಟ್ಟಲೆ ಮರೆಯಾಗಿದ್ದ ಒಕ್ಕಲುಗಳು ಮೊದಲ ಬಾರಿಗೆ ತಮ್ಮ ಮಾತಿನಲ್ಲಿ ದಾಖಲಾದುದು ಇಲ್ಲಿಯೇ.

ಸ್ತ್ರೀಯರ ಹೆಸರುಗಳು

ಹಳೆಯ ಮೈಸೂರಿನ ದಾಖಲೆಗಳಲ್ಲಿ ಪುರುಷನ ಹೆಸರಿನ ಮುಂದೆ ಬಿನ್ ಎಂದು ತಂದೆಯ ಹೆಸರನ್ನೂ, ಸ್ತ್ರೀಯ ಹೆಸರಿನ ಮುಂದೆ ಕೋಂ ಎಂದು ಗಂಡನ ಹೆಸರನ್ನೂ ಬರೆಯುವುದು ವಾಡಿಕೆ. ಆದುದರಿಂದ ಸ್ತ್ರೀಯ ತಂದೆ ಯಾರೆಂಬುದು ಮದುವೆಯೊಂದಿಗೆ ಕಡತದಿಂದ ಅಳಿಸಿಹೋಗುತ್ತದೆ. ಗಂಡ ಬದುಕಿರುವವರೆಗೆ ಆಕೆಯ ಹೆಸರು ಕಾಣುವುದೇ ವಿರಳ. ಗಂಡನ ಮರಣಾನಂತರ ಪೌತಿ ಖಾತೆಯಲ್ಲಿ, ಅಥವಾ ಮೈನರ್ ಮಕ್ಕಳ ಗಾರ್ಡಿಯನ್ ತಾಯಿ ಎಂಬ ಒಕ್ಕಣೆಯಲ್ಲಿ ಆಕೆ ಮೊದಲಿಗೆ ಕಾಣಿಸಿಕೊಳ್ಳುತ್ತಾಳೆ. ಕುಟುಂಬದಲ್ಲಿ ಅಕಾಲ ಮರಣ ಸಂಭವಿಸಿದ ಮನೆಗಳ ಸ್ತ್ರೀಯರ ಬಗ್ಗೆಯೇ ಹೆಚ್ಚು ತಿಳಿಯುವುದು ಈ ಕಾರಣದಿಂದ.

ಉಪನೋಂದಣಾಧಿಕಾರಿಗಳ ಕಛೇರಿಯ ಪತ್ರಗಳು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತವೆ. ದಾನಪತ್ರ, ವಿಭಾಗಪತ್ರ, ಹಕ್ಕು ಬಿಡುಗಡೆ ಪತ್ರಗಳಲ್ಲಿ ಹೆಣ್ಣುಮಕ್ಕಳನ್ನು ತವರಿನ ಸಂಬಂಧದೊಂದಿಗೆ ಹೆಸರಿಸಲಾಗಿರುತ್ತದೆ. ವ್ಯಕ್ತಿಯ ಹೆಸರಿನಿಂದಲೂ ಸ್ವತ್ತಿನಿಂದಲೂ ಹುಡುಕಲು ಬೇರೆಬೇರೆ ಸೂಚಿಗಳಿದ್ದು, ಶುಲ್ಕ ಪಾವತಿಸಿ ಶೋಧನೆ ಮಾಡಿಸಬಹುದಾಗಿರುತ್ತದೆ. ಪತ್ರದ ಕೊನೆಯಲ್ಲಿರುವ ಸಾಕ್ಷಿಗಳ ಹೆಸರುಗಳನ್ನು ಬಿಡದೆ ಬರೆದುಕೊಳ್ಳುವುದು ಅವಶ್ಯ. ಸಾಕ್ಷಿ ಹಾಕಲು ಬರುತ್ತಿದ್ದವರಲ್ಲಿ ಸೋದರಮಾವಂದಿರೂ ಭಾವಮೈದುನರೂ ಇರುತ್ತಿದ್ದರು.

ಅಳಿಯಸಂತಾನ ಪದ್ಧತಿಯಿದ್ದ ತುಳುನಾಡಿನಲ್ಲಿ ಪರಿಸ್ಥಿತಿ ಬೇರೆಯೇ ಆಗಿದೆ. ಅಲ್ಲಿ ವಂಶವು ಸ್ತ್ರೀಯ ಮೂಲಕ ಸಾಗುವುದರಿಂದ ಕುಟುಂಬದ ವಿಭಾಗಪತ್ರಗಳಲ್ಲಿ ಕವರುಗಳನ್ನು ಸ್ತ್ರೀಯರ ಹೆಸರಿನಿಂದಲೇ ಗುರುತಿಸಲಾಗುತ್ತದೆ. ಅಂತಹ ಕುಟುಂಬಗಳಲ್ಲಿ ಅಜ್ಜಿಯ ಅಜ್ಜಿ ಸುಲಭವಾಗಿ ಸಿಕ್ಕಿ, ಅಜ್ಜನ ತಂದೆ ಸಿಗದೆ ಹೋಗುವುದುಂಟು.

ಜನನ, ಮರಣ ಮತ್ತು ಜನಗಣತಿ

ಜನನ ಮರಣಗಳ ನೋಂದಣಿಯು 1969ರ ಅಧಿನಿಯಮದಿಂದ ದೇಶಕ್ಕೆಲ್ಲ ಏಕರೂಪದ್ದಾಯಿತು. ಅದಕ್ಕೆ ಹಿಂದೆ ಮದ್ರಾಸು ಪ್ರಾಂತ್ಯದಲ್ಲಿ 1899ರ ಕಾನೂನು ಇತ್ತು; ಇತರ ಭಾಗಗಳಲ್ಲಿ ಪಟೇಲರು, ಶಾನುಭೋಗರು, ಕುಲಕರ್ಣಿಗಳು ಗ್ರಾಮದ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ಹಳೆಯ ಜನನ ನಮೂದುಗಳಲ್ಲಿ ಮಗುವಿನ ಹೆಸರು ಇರದೆ, ತಂದೆಯ ಹೆಸರು ಮತ್ತು ಗಂಡು ಅಥವಾ ಹೆಣ್ಣು ಎಂಬುದಷ್ಟೇ ಇರುವುದು ಸಾಮಾನ್ಯ. ಮರಣದ ಕಾರಣದ ಕಾಲಂನಲ್ಲಿ ಜ್ವರವೆಂದು ಬರೆದಿದ್ದರೆ ಅದನ್ನು ಅಕ್ಷರಶಃ ನಂಬಲಾಗದು. ಗೊತ್ತಾಗದ ಕಾಯಿಲೆಗಳೆಲ್ಲ ಆ ಶಬ್ದದಲ್ಲಿ ಅಡಗಿದ್ದವು. ಆದರೆ 1898ರ ಆಗಸ್ಟ್ ನಂತರ ಬೆಂಗಳೂರಿನಲ್ಲಿ ಪ್ಲೇಗು, 1918ರಲ್ಲಿ ಇನ್‌ಫ್ಲುಯೆಂಜಾ ಹರಡಿದ ತಿಂಗಳುಗಳಲ್ಲಿ ಒಂದೇ ಮನೆಯಿಂದ ವಾರದೊಳಗೆ ಮೂರು ಮರಣಗಳು ಕಂಡುಬಂದರೆ ವಿವರಣೆ ಬೇಕಾಗುವುದಿಲ್ಲ.

ಜನಗಣತಿಯ ಮನೆವಾರು ಪಟ್ಟಿಗಳನ್ನು ನೋಡಬಹುದೆಂಬ ನಂಬಿಕೆ ಹಲವರಲ್ಲಿದೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಅದು ಸಾಧ್ಯ, ಭಾರತದಲ್ಲಿ ಸಾಧ್ಯವಿಲ್ಲ. 1948ರ ಜನಗಣತಿ ಅಧಿನಿಯಮವು ವ್ಯಕ್ತಿಗತ ಮಾಹಿತಿಯನ್ನು ಗೋಪ್ಯವಾಗಿರಿಸುತ್ತದೆ. ಪ್ರಕಟಿತ ವರದಿಗಳು ಮಾತ್ರ ಲಭ್ಯ, ಮತ್ತು ಅವುಗಳಿಗೂ ಪ್ರಯೋಜನವಿದೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷ 55 ಸಾವಿರ ಇದ್ದುದು 1881ರಲ್ಲಿ ಸುಮಾರು 41 ಲಕ್ಷ 86 ಸಾವಿರಕ್ಕೆ ಇಳಿಯಿತು. ನಡುವೆ ಬಂದುದು 1876ರಿಂದ 1878ರ ಮಹಾಕ್ಷಾಮ. ಹಳೆಯ ಮೈಸೂರಿನ ಕುಟುಂಬವೊಂದರ ಜಾಡು ಈ ವರ್ಷಗಳಲ್ಲಿ ಕಡಿದುಹೋದರೆ ಅದು ಸಂಶೋಧಕರ ಅಸಮರ್ಥತೆಯೆಂದೇ ತಿಳಿಯಬೇಕಾಗಿಲ್ಲ. ಖಾತೆದಾರನು ಇಲ್ಲದೆ ಹೋಗಿ ಜಮೀನು ಸರ್ಕಾರಿ ಪಡಾ ಎಂದು ಬದಲಾದ ನಮೂದೂ ಒಂದು ಬಗೆಯ ಮರಣದಾಖಲೆಯೇ.

ಕಾಲಗಣನೆ

ಹಿರಿಯರು ವರ್ಷವನ್ನು ಸಂವತ್ಸರದಿಂದ ಹೇಳುತ್ತಾರೆ. ಮೇಲಿನ ಕ್ಷಾಮವನ್ನು ಧಾತು ಈಶ್ವರ ಸಂವತ್ಸರಗಳ ಬರವೆಂದು ಜನ ನೆನಪಿಟ್ಟುಕೊಂಡರು. ಆದರೆ ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುವುದರಿಂದ ಈಶ್ವರ ಸಂವತ್ಸರದಲ್ಲಿ ಹುಟ್ಟಿದವರೆಂದರೆ 1877–78 ಆಗಬಹುದು, 1937–38 ಆಗಬಹುದು; ಇತರ ಸಂಗತಿಗಳಿಂದ ನಿರ್ಧರಿಸಬೇಕು. ಮದ್ರಾಸು ಮತ್ತು ಹೈದರಾಬಾದು ಭಾಗದ ಕಡತಗಳಲ್ಲಿ ಫಸಲಿ ವರ್ಷವಿರುತ್ತದೆ. ಮದ್ರಾಸಿನ ಫಸಲಿಯು ಜುಲೈಯಿಂದ ಆರಂಭವಾಗುತ್ತಿದ್ದು, 590 ಕೂಡಿಸಿದರೆ ಆರಂಭದ ಇಸವಿ ದೊರೆಯುತ್ತದೆ: ಫಸಲಿ 1310 ಎಂದರೆ 1900ರ ಜುಲೈಯಿಂದ 1901ರ ಜೂನ್ ವರೆಗೆ. ಶಕವರ್ಷಕ್ಕೆ 78 ಕೂಡಿಸುವುದು ಎಲ್ಲರಿಗೂ ತಿಳಿದದ್ದೇ.

ಶಾಲೆಯ ದಾಖಲಾತಿ ಪುಸ್ತಕದಲ್ಲಿನ ಜನ್ಮದಿನಾಂಕವನ್ನು ಎಚ್ಚರಿಕೆಯಿಂದ ಬಳಸತಕ್ಕದ್ದು. ಮಗುವಿನ ಜನ್ಮದಿನ ಮನೆಯವರಿಗೆ ತಿಳಿಯದಿದ್ದಾಗ ಉಪಾಧ್ಯಾಯರು ಶಾಲೆಯ ಆರಂಭಕ್ಕೆ ಹೊಂದುವಂತೆ ಜೂನ್ 1 ಎಂದು ಬರೆಯುತ್ತಿದ್ದರು. ಇಡೀ ತರಗತಿಯೇ ಒಂದೇ ದಿನ ಹುಟ್ಟಿದಂತೆ ಕಾಣುವ ಪುಟಗಳಿವೆ.

ಸರ್ಕಾರದ ಹೊರಗಿನ ದಾಖಲೆಗಳು

ಹೆಳವರು ಎತ್ತಿನೊಡನೆ ಊರೂರು ತಿರುಗಿ, ತಮಗೆ ಸಂಬಂಧಿಸಿದ ಮನೆಗಳ ಮುಂದೆ ವಂಶವನ್ನು ಹೇಳಿ ಕಾಳು, ಬಟ್ಟೆ, ಹಣ ಪಡೆಯುವ ಸಮುದಾಯದವರು. ಕೆಲವು ವರ್ಷಗಳಿಗೊಮ್ಮೆ ಬಂದು, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಳ್ಳುತ್ತಾರೆ. ಅವರಲ್ಲಿ ಕೈಬರಹದ ಪುಸ್ತಕಗಳೂ ಇವೆ. ಮೂಲಪುರುಷನು ಯಾವ ಊರಿನಿಂದ ಏಕೆ ಹೊರಟನೆಂಬ ಕಥೆಯನ್ನು ಹೆಳವರು ಹೇಳುವಷ್ಟು ಸ್ಪಷ್ಟವಾಗಿ ಯಾವ ಕಂದಾಯ ಕಡತವೂ ಹೇಳುವುದಿಲ್ಲ. ಬಹಳ ಹಿಂದಿನ ತಲೆಮಾರುಗಳ ಮಟ್ಟಿಗೆ ಅದನ್ನು ಐತಿಹ್ಯವೆಂದು ಭಾವಿಸಿ, ಸಮೀಪದ ನಾಲ್ಕೈದು ತಲೆಮಾರುಗಳನ್ನು ಭೂದಾಖಲೆಯೊಂದಿಗೆ ಹೋಲಿಸಿ ನೋಡುವುದು ಸೂಕ್ತ. ಕಾಶಿ, ಗಯಾ, ಹರಿದ್ವಾರ, ತ್ರ್ಯಂಬಕೇಶ್ವರಗಳ ತೀರ್ಥಪುರೋಹಿತರ ವಹಿಗಳಲ್ಲಿಯೂ ಯಾತ್ರೆಗೆ ಹೋದವರ ಹೆಸರುಗಳಿರುತ್ತವೆ. ಆದರೆ ಅಷ್ಟು ದೂರ ಹೋಗುವ ಶಕ್ತಿ ಎಲ್ಲ ಕುಟುಂಬಗಳಿಗೂ ಇರಲಿಲ್ಲ.

ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ಚರ್ಚುಗಳ ಜ್ಞಾನಸ್ನಾನ, ವಿವಾಹ, ಶವಸಂಸ್ಕಾರ ಪುಸ್ತಕಗಳು ಮುಖ್ಯ ಆಧಾರ. ಟಿಪ್ಪು ಸುಲ್ತಾನನ ಕಾಲದಲ್ಲಿ 1784ರ ಸೆರೆಯಿಂದಾಗಿ ಸಮುದಾಯವೇ ಸ್ಥಳಾಂತರಗೊಂಡಿದ್ದರಿಂದ 1799ರ ನಂತರದ ಪುಸ್ತಕಗಳನ್ನೇ ಹೆಚ್ಚಾಗಿ ಅವಲಂಬಿಸಬೇಕಾಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಕಾಗದಪತ್ರಗಳು ಮಂಗಳೂರಿನ ಬಲ್ಮಠದಲ್ಲಿಯೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿಯೂ ಇವೆ. ಮುಸ್ಲಿಂ ಕುಟುಂಬಗಳು ಖಾಜಿಗಳ ನಿಕಾಹ್ ಪುಸ್ತಕಗಳನ್ನು ನೋಡಬಹುದು.

ಊರು ಬಿಟ್ಟವರು

ಯಾವುದೋ ವರ್ಷ ಊರು ಬಿಟ್ಟು ಮರಳಿ ಬಾರದ ಒಬ್ಬ ಸೋದರನ ನೆನಪು ಅನೇಕ ಮನೆಗಳಲ್ಲಿದೆ. ಆತ ಮದ್ರಾಸು ಬಂದರಿನಿಂದ ಕರಾರಿನ ಕೂಲಿಯಾಗಿ ಹಡಗು ಹತ್ತಿದ್ದರೆ, ಊರಿನಲ್ಲಿ ಉಳಿದವರಿಗಿಂತ ಆತನ ವಿವರವೇ ಹೆಚ್ಚಾಗಿ ಉಳಿದಿರುವ ಸಂಭವವಿದೆ. 1860ರಿಂದ 1911ರವರೆಗೆ ದಕ್ಷಿಣ ಆಫ್ರಿಕದ ನಟಾಲಿಗೆ ಹೋದ ಸುಮಾರು 1 ಲಕ್ಷ 52 ಸಾವಿರ ಭಾರತೀಯರ ಹಡಗು ಪಟ್ಟಿಗಳಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಗ್ರಾಮ, ಮೈಮೇಲಿನ ಗುರುತು ಇವುಗಳಿಗೆ ಕಾಲಂಗಳಿವೆ. ಮಾರಿಷಸ್ಸಿಗೆ ಹೋದವರ ದಾಖಲೆಗಳು ಅಲ್ಲಿನ ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿದ್ದು, ಅವುಗಳಲ್ಲಿ ಕೂಲಿಗಳ ಭಾವಚಿತ್ರಗಳೂ ಸೇರಿವೆ. ಕನ್ನಡದ ಊರಿನ ಹೆಸರನ್ನು ಬೇರೆ ಭಾಷೆಯ ಗುಮಾಸ್ತನು ಕಿವಿಗೆ ಬಿದ್ದಂತೆ ಬರೆದಿರುವುದರಿಂದ, ಅದನ್ನು ಗಟ್ಟಿಯಾಗಿ ಓದಿ ಕೇಳಿಸಿಕೊಂಡರೆ ಕೆಲವೊಮ್ಮೆ ಊರು ಹೊಳೆಯುತ್ತದೆ.

ಪ್ರಥಮ ಮಹಾಯುದ್ಧದಲ್ಲಿ ಮಡಿದವರ ಹೆಸರುಗಳು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿವೆ; 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ದಳದವರ ವಂಶಸ್ಥರು ಇದನ್ನು ಮೊದಲು ನೋಡುವುದು ಒಳಿತು. ಉತ್ತರ ಕನ್ನಡದ ಅಂಕೋಲಾ, ಸಿದ್ದಾಪುರ ಕಡೆಯ ಕುಟುಂಬಗಳು 1930ರ ದಶಕದ ಆರಂಭದ ಕರನಿರಾಕರಣೆಯಲ್ಲಿ ಜಪ್ತಿಯಾದ ಜಮೀನುಗಳ ಕಡತಗಳನ್ನು ಪರಿಶೀಲಿಸಬಹುದು.

ಅರ್ಜಿ ಸಲ್ಲಿಸುವವರ ಗಮನಕ್ಕೆ

ಕಛೇರಿಗೆ ಬರುವ ಮುನ್ನ ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡ ಟಿಪ್ಪಣಿ, ಹಳೆಯ ಕಂದಾಯ ರಸೀದಿಗಳು, ಸರ್ವೆ ನಂಬರುಗಳು ಕೈಯಲ್ಲಿರಬೇಕು. ನನ್ನ ತಾತನ ದಾಖಲೆ ಕೊಡಿ ಎಂಬ ಅರ್ಜಿಗೆ ಅಭಿಲೇಖಾಲಯದ ಸಿಬ್ಬಂದಿ ಉತ್ತರಿಸಲಾರರು. ಇಂತಹ ಗ್ರಾಮದ ಇಂತಹ ಸರ್ವೆ ನಂಬರಿನ ಇಂತಹ ಅವಧಿಯ ಹಕ್ಕು ಬದಲಾವಣೆಯ ನಮೂದು ಎಂದು ಕೇಳಿದರೆ ಹುಡುಕಬಲ್ಲರು. ದೃಢೀಕೃತ ನಕಲನ್ನು ನಿಗದಿತ ಶುಲ್ಕ ಪಾವತಿಸಿ ಪಡೆಯಬಹುದು. ಕಡತ ಲಭ್ಯವಿಲ್ಲವೆಂದು ಬಾಯಿಮಾತಿನಲ್ಲಿ ಹೇಳಿದಲ್ಲಿ 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಲಿಖಿತ ಉತ್ತರ ಕೋರುವುದು ಮೇಲು, ಏಕೆಂದರೆ ಆ ಉತ್ತರವನ್ನು ಮುಂದೆ ಪ್ರಾಧಿಕಾರಗಳ ಮುಂದೆ ಹಾಜರುಪಡಿಸಬೇಕಾಗಿ ಬರಬಹುದು. ನಾಡಕಛೇರಿಯಲ್ಲಿ ಈಗ ನೀಡಲಾಗುವ ವಂಶವೃಕ್ಷ ದೃಢೀಕರಣವು ಉತ್ತರಾಧಿಕಾರದಂತಹ ಉದ್ದೇಶಗಳಿಗೆ ಅರ್ಜಿದಾರರ ಹೇಳಿಕೆ ಮತ್ತು ಸ್ಥಳ ವಿಚಾರಣೆಯ ಮೇಲೆ ನೀಡುವಂತಹುದು. ಅದನ್ನು ಹಳೆಯ ತಲೆಮಾರುಗಳ ಚಾರಿತ್ರಿಕ ದಾಖಲೆಯೆಂದು ಭಾವಿಸಲಾಗದು.

ಅರಣ್ಯ ಹಕ್ಕಿನ ಅರ್ಜಿದಾರರಿಗೆ ಒಂದು ಸಂಗತಿ ವಿಶೇಷವಾಗಿ ತಿಳಿದಿರಬೇಕು. ನಿಯಮಗಳು ಲಿಖಿತ ದಾಖಲೆಯೊಂದನ್ನೇ ಸಾಕ್ಷ್ಯವೆಂದು ಹೇಳಿಲ್ಲ. ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ, ಹಳೆಯ ಬಾವಿ, ಸ್ಮಶಾನ, ದೇವರ ಸ್ಥಳಗಳಂತಹ ಕುರುಹುಗಳು, ಹಿಂದಿನ ದಾಖಲೆಗಳಲ್ಲಿ ಹೆಸರಿರುವ ವ್ಯಕ್ತಿಯಿಂದ ಇಂದಿನವರೆಗಿನ ವಂಶಾವಳಿ ಇವೂ ಸಾಕ್ಷ್ಯಗಳಾಗಿವೆ. ಹಳೆಯ ಪುಸ್ತಕದಲ್ಲಿ ಒಂದೇ ಒಂದು ಹೆಸರು ಸಿಕ್ಕರೂ ಅಲ್ಲಿಂದ ಕೆಳಗಿನ ಕೊಂಡಿಗಳನ್ನು ಹೇಳಬಲ್ಲವರು ಊರಿನ ಹಿರಿಯರು. ಅವರ ಹೇಳಿಕೆಯನ್ನು ಕಡತ ಸಿಗುವವರೆಗೆ ಕಾಯದೆ, ಮೊದಲೇ ಬರೆಯಿಸಿ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಪಡೆದಿಟ್ಟುಕೊಳ್ಳತಕ್ಕದ್ದು.